ಕಂಪೋಸಿಟರ್: ಹಳೇ ಪುಸ್ತಕದ ಹೂಬಳ್ಳಿ ಯಾವ ಪ್ರೆಸ್ಸಿಂದು ಅಂತ ಹುಡುಕೋರಿಗೆ

ಬರ್ಮಿಂಗ್‌ಹ್ಯಾಮ್ ಯೂನಿವರ್ಸಿಟಿಯ ಕಂಪೋಸಿಟರ್ ಅನ್ನೋ ಈ ಡೇಟಾಬೇಸನ್ನ ವರ್ಷಗಳಿಂದ ಬಳಸ್ತಿದೀನಿ, ಪೂರ್ತಿ ಫ್ರೀ. 18ನೇ ಶತಮಾನದ ಪುಸ್ತಕಗಳಲ್ಲಿ ಅಧ್ಯಾಯದ ಮೇಲೆ ಕೆಳಗೆ ಬರೋ ಹೂಬುಟ್ಟಿ, ಬಳ್ಳಿ, ಪುಟಾಣಿ ದೇವದೂತರು, ಮಧ್ಯೆ ಅಕ್ಷರ ಕೂರಿಸೋಕೆ ತೂತಿರೋ ಫ್ಯಾಕ್ಟೋಟಮ್‌ಗಳು, ಎಲ್ಲಾ ಸೇರಿ ಹತ್ತು ಲಕ್ಷಕ್ಕೂ ಮೇಲೆ ಚಿತ್ರ ಇದೆ. ಚಿತ್ರ ಕೊಟ್ಟು ಅದೇ ಥರದ್ದು ಹುಡುಕಬಹುದು, ನನಗೆ ಅದೇ ದೊಡ್ಡ ವರ.

ಯಾಕೆ ಬೇಕು ಅಂದ್ರೆ ಆ ಕಾಲದ ಲಂಡನ್ ಪುಸ್ತಕದ ಮೊದಲ ಪುಟದಲ್ಲಿ ಮಾರೋನ ಹೆಸರಿರತ್ತೆ, ಅಚ್ಚು ಹಾಕಿದೋನದ್ದು ಎಷ್ಟೋ ಸಲ ಇರೋದೇ ಇಲ್ಲ. ಕಾದಂಬರಿಕಾರ ಸ್ಯಾಮ್ಯುಯೆಲ್ ರಿಚರ್ಡ್‌ಸನ್ ಕಸುಬಲ್ಲಿ ಪ್ರಿಂಟರ್, ಅವನ ಪ್ರೆಸ್ಸಲ್ಲಿ ಬಂದ ಎಷ್ಟೋ ಪುಸ್ತಕಗಳನ್ನ ವಿದ್ವಾಂಸರು ಗುರುತಿಸಿದ್ದೇ ಈ ಅಲಂಕಾರಗಳ ಮೇಲೆ.

ಆದ್ರೆ ಸರ್ಚ್ ರಿಸಲ್ಟ್ ಬಂತು ಅಂತ ಪ್ರಿಂಟರ್ ಸಿಕ್ಕಿಬಿಟ್ಟ ಅನ್ಕೋಬೇಡಿ, ನಿಜವಾದ ಕೆಲಸ ಆಮೇಲೆ ಶುರು. ಸೀಸದಲ್ಲಿ ಎರಕ ಹೊಯ್ದ ಸಣ್ಣ ಹೂವಾದ್ರೆ ಅದೇ ಅಚ್ಚಿಂದು ಹತ್ತು ಪ್ರೆಸ್ಸಲ್ಲಿರತ್ತೆ, ಏನೂ ಸಾಬೀತಾಗಲ್ಲ. ಮರದ ಬ್ಲಾಕ್ ಕೈಯಲ್ಲಿ ಕೆತ್ತಿದ್ದು, ಒಂದೇ ಒಂದು ಇರತ್ತೆ, ಬೇರೆಯವನು ನಕಲು ಕೆತ್ತಿದ್ರೆ ಎಲ್ಲೋ ಒಂದು ಎಲೆ ತಿರುಗಿರತ್ತೆ, ಕೆಲವು ಸಲ ಇಡೀ ಚಿತ್ರಾನೇ ಎಡಬಲ ಉಲ್ಟಾ. ನಾನು ಝೂಮ್ ಮಾಡಿ ಮೊದಲು ನೋಡೋದು ಬಿರುಕು. ಒಂದು ಹೂಬುಟ್ಟಿ ಬ್ಲಾಕಲ್ಲಿ ಹಿಡಿಯಿಂದ ಕೆಳಗೆ ಕೂದಲೆಳೆಯಷ್ಟು ಬಿಳಿ ಗೆರೆ ಇತ್ತು, ಮುಂದಿನ ವರ್ಷಗಳ ಪುಸ್ತಕದಲ್ಲಿ ಅದೇ ಗೆರೆ ಅಗಲ ಆಗ್ತಾ ಹೋಗಿ ಪಕ್ಕದಲ್ಲಿ ಹುಳ ಕೊರೆದ ಬಿಳಿ ಚುಕ್ಕೆ ಬೇರೆ ಸೇರ್ಕೊಂಡಿದೆ, ಹೀಗೆ ಸಾಲಾಗಿಟ್ರೆ ಇಸವಿ ಇಲ್ಲದ ಪುಸ್ತಕ ಯಾವುದರ ಹಿಂದೆ ಯಾವುದರ ಮುಂದೆ ಅಂತಾನೂ ಹೇಳಬಹುದು, ಎಂಥಾ ಖುಷಿ ಗೊತ್ತಾ! ಅಷ್ಟಾದ್ರೂ ಬ್ಲಾಕನ್ನ ಮಾರ್ತಿದ್ರು, ಎರವಲು ಕೊಡ್ತಿದ್ರು, ಹಾಗಾಗಿ ಒಂದೇ ಅಲಂಕಾರ ನಂಬಿ ಹೆಸರು ಬರೀಬೇಡಿ, ಒಂದೇ ಪುಸ್ತಕದಲ್ಲಿ ಮೂರ್ನಾಲ್ಕು ಹೊಂದಬೇಕು.

ಕಂಪೋಸಿಟರ್‌ನ ಮೂಲ ಸ್ಕ್ಯಾನ್‌ಗಳು ಮೈಕ್ರೋಫಿಲ್ಮಿಂದ (ಪುಟಗಳನ್ನ ಪುಟ್ಟದಾಗಿ ಫೋಟೋ ತೆಗೆದಿಟ್ಟ ಫಿಲ್ಮಿಂದ) ಬಂದಿದ್ದು, ಬರೀ ಕಪ್ಪು ಬಿಳುಪು, ಸಣ್ಣ ಬಿರುಕು ಮಸಿಯಲ್ಲೇ ಮುಚ್ಚೋಗಿರತ್ತೆ. ಸಂಶಯ ಬಂದ್ರೆ ಲೈಬ್ರರಿಗಳ ಹೊಸ ಕಲರ್ ಸ್ಕ್ಯಾನ್ ಹುಡುಕಿ, ಸ್ಕೇಲ್ ಇದ್ರೆ ಅಳತೆ ಹೋಲಿಸಿ.

16-17ನೇ ಶತಮಾನಕ್ಕೆ ಬೆಲ್ಜಿಯಂನ ಆಂಟ್‌ವರ್ಪಲ್ಲಿ ಹಳೇ ಅಚ್ಚುಕೂಟವೇ ಮ್ಯೂಸಿಯಂ ಆಗಿರೋ ಪ್ಲಾಂಟಿನ್-ಮೊರೆಟಸ್ ನೋಡಿ, ಮರದ ಬ್ಲಾಕ್‌ಗಳ ಚಿತ್ರಗಳನ್ನೇ ಫ್ರೀ ಡೌನ್‌ಲೋಡ್‌ಗೆ ಇಟ್ಟಿದಾರೆ. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ ಶುರುವಾಗಿದ್ದೇ 1841ರಲ್ಲಿ, ಹಾಗಾಗಿ ಹಳೇ ಕನ್ನಡ ಪುಸ್ತಕದ ಬಾರ್ಡರ್ ಹುಡುಕೋರಿಗೆ ಕಂಪೋಸಿಟರ್ ಉಪಯೋಗಕ್ಕೆ ಬರಲ್ಲ.