ಸೆವೆಲಾಮರ್ 800: ಮಾತ್ರೆ ಸರಿಯಿತ್ತು, ನಾವು ನುಂಗಿಸಿದ ಹೊತ್ತು ತಪ್ಪಾಗಿತ್ತು

ಐದಕ್ಕೆ ಮೂರೂವರೆ ಸ್ಟಾರ್. ಮೊದಲ ನಾಲ್ಕು ತಿಂಗಳಲ್ಲಿ ಬರೆದಿದ್ದರೆ ಒಂದೇ ಕೊಡುತ್ತಿದ್ದೆ, ಅದೂ ಬೈದುಕೊಂಡು.

ಅವ್ವನಿಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್. ಸೋಮವಾರಪೇಟೆ ಕಡೆಯ ನಮ್ಮ ಮನೆಯಿಂದ ಬೆಳಿಗ್ಗೆ ಮಡಿಕೇರಿಗೆ ಹೊರಟರೆ ವಾಪಸ್ ಬರೋದು ಸಂಜೆಗೆ. ರಕ್ತದಲ್ಲಿ ಫಾಸ್ಪರಸ್ 7.4 ಇತ್ತು. ಡಯಾಲಿಸಿಸ್‌ನವರಿಗೆ 5.5ರ ಒಳಗೆ ಇರಲಿ ಎನ್ನುತ್ತಾರೆ. ಮೈಯೆಲ್ಲ ತುರಿಕೆ. ರಾತ್ರಿ ಕತ್ತಲಲ್ಲಿ ಬಾಚಣಿಗೆಯಿಂದ ಬೆನ್ನು ಕೆರೆದುಕೊಳ್ಳುವ ಸದ್ದು ಪಕ್ಕದ ಕೋಣೆಗೂ ಕೇಳುತ್ತಿತ್ತು. ಫಾಸ್ಪರಸ್ ಇಳಿಸಲು ಮೊದಲು ಕ್ಯಾಲ್ಸಿಯಂ ಅಸಿಟೇಟ್ ಕೊಟ್ಟಿದ್ದರು. ಅಗ್ಗದ ಮಾತ್ರೆ, ಆದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರತೊಡಗಿತು, ಅದಕ್ಕೆ ಡಾಕ್ಟರ್ ಅದೇ ಕೆಲಸದ ಇನ್ನೊಂದು ಮಾತ್ರೆ, 800 ಎಂಜಿಯ ಸೆವೆಲಾಮರ್ ಕಾರ್ಬೊನೇಟ್‌ಗೆ ಬದಲಾಯಿಸಿದರು. ಇದರಲ್ಲಿ ಕ್ಯಾಲ್ಸಿಯಂ ಇಲ್ಲ.

ಮೆಡಿಕಲ್‌ನ ಹುಡುಗ ಕವರ್ ಮೇಲೆ 1-1-1, 'ಊಟದ ನಂತರ' ಎಂದು ಗೀಚಿ ಕೊಟ್ಟ. ನಾವೂ ಕೇಳಲಿಲ್ಲ. ನಾಲ್ಕು ತಿಂಗಳು ದುಡ್ಡು ಸುರಿದ ಮೇಲೆ ಟೆಸ್ಟ್ ಮಾಡಿಸಿದರೆ 7.1! ಡಯಾಲಿಸಿಸ್ ರೂಮಿನ ಸಿಸ್ಟರ್ ಒಂದೇ ಪ್ರಶ್ನೆ ಕೇಳಿದರು: "ಅಮ್ಮಾ, ಮಾತ್ರೆ ಯಾವಾಗ ತಗೋತೀರ?"

"ಊಟ ಆಗಿ, ಎಲೆ ಅಡಿಕೆ ಹಾಕಿ, ಮಲಗೋ ಮುಂಚೆ."

ಸಿಸ್ಟರ್ ಹಣೆ ಚಚ್ಚಿಕೊಂಡರು.

ವಿಷಯ ಇಷ್ಟೇ. ಈ ಮಾತ್ರೆ ರಕ್ತಕ್ಕೆ ಹೋಗುವುದೇ ಇಲ್ಲ. ಹೊಟ್ಟೆಯಲ್ಲಿ ಊಟದ ಜೊತೆ ಬೆರೆತು, ಊಟದಲ್ಲಿರುವ ಫಾಸ್ಪರಸ್ಸನ್ನು ಹಿಡಿದುಕೊಂಡು ಮಲದಲ್ಲಿ ಹೊರಗೆ ಹೋಗುತ್ತದೆ. ಊಟ ಮುಂದೆ ಹೋದ ಮೇಲೆ ನುಂಗಿದರೆ, ಬಸ್ಸು ಹೋದ ಮೇಲೆ ಕೈ ತೋರಿಸಿದ ಹಾಗೆ. ಡಯಾಲಿಸಿಸ್ ಮಾಡಿಸುತ್ತೇವಲ್ಲ ಎಂದು ಸುಮ್ನೆ ಇರುವಂತಿಲ್ಲ. ಒಂದು ಸಲಕ್ಕೆ ಮೆಷಿನ್ ತೆಗೆಯೋ ಫಾಸ್ಪರಸ್ ಸುಮಾರು 800ರಿಂದ 1000 ಎಂಜಿ. ಒಂದು ದಿನದ ಊಟದಲ್ಲೇ ಅಷ್ಟು ಇರುತ್ತದೆ.

ಈಗ ಎರಡು ತುತ್ತು ತಿಂದು ಮಾತ್ರೆ, ಆಮೇಲೆ ಉಳಿದ ಊಟ. ಎರಡು ತಿಂಗಳಿಗೆ 5.3ಕ್ಕೆ ಇಳಿಯಿತು. ತುರಿಕೆ ಪೂರ್ತಿ ಹೋಗಿಲ್ಲ, ಆದರೆ ಬಾಚಣಿಗೆ ಕನ್ನಡಿ ಹತ್ತಿರ ವಾಪಸ್ ಹೋಗಿದೆ.

ಸ್ಟಾರ್ ಕಳೆದಿದ್ದು ಯಾಕೆ ಅಂದರೆ, ಮೊದಲನೆಯದು ಸೈಜು. ಅವರೆಕಾಳಿಗಿಂತ ದೊಡ್ಡದು. ಮುರಿದು ಕೊಡೋಣ ಅಂದರೆ ಅದೂ ಆಗದು, ಇಡಿಯಾಗೇ ನುಂಗಬೇಕು. ಯಾಕೆಂದು ನೋಡಲು ಅರ್ಧ ತುಂಡನ್ನು ಲೋಟದ ನೀರಿಗೆ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ನೆನೆದ ಸಾಬಕ್ಕಿ ಹಾಗೆ ಊದಿ ಲೊಳೆಲೊಳೆ ಆಯಿತು. ಅದು ಗಂಟಲಲ್ಲೇ ಊದಿದರೆ? ಎರಡನೆಯದು ಮಲಬದ್ಧತೆ. ನೀರು ಜಾಸ್ತಿ ಕುಡಿಯಿರಿ ಎನ್ನೋಣ ಅಂದರೆ ಡಯಾಲಿಸಿಸ್‌ನವರಿಗೆ ನೀರೇ ಅಳತೆ, ಅಲ್ವಾ? ಡಾಕ್ಟರ್ ಬೇರೆ ಔಷಧಿ ಬರೆದುಕೊಡಬೇಕಾಯಿತು. ಬೆಲೆಯೂ ಕ್ಯಾಲ್ಸಿಯಂ ಮಾತ್ರೆಗಿಂತ ತುಂಬಾ ಜಾಸ್ತಿ. ಇನ್ನೊಂದು, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುವವರು ಎರಡನ್ನೂ ಒಟ್ಟಿಗೆ ನುಂಗಬೇಡಿ, ಇದು ಅದನ್ನೂ ಹಿಡಿದುಕೊಳ್ಳುತ್ತದೆ. ಎಷ್ಟು ಹೊತ್ತು ಬಿಡಬೇಕೆಂದು ಕೇಳಿಕೊಳ್ಳಿ.

ಮಾತ್ರೆ ಇದೆ ಎಂದು ಏನು ಬೇಕಾದರೂ ತಿನ್ನಬಹುದು ಅಂತಲ್ಲ. ಬಿಳಿ ಅಕ್ಕಿಯ ರೊಟ್ಟಿ, ಕಡಂಬುಟ್ಟು (ಅಕ್ಕಿತರಿ ಉಂಡೆ), ನೂಪುಟ್ಟು (ಅಕ್ಕಿ ಶಾವಿಗೆ) ಇವುಗಳಿಂದ ಅಷ್ಟು ತೊಂದರೆಯಿಲ್ಲ. ಅವ್ವನಿಗೆ ಬಿಡಲು ಕಷ್ಟವಾಗಿದ್ದು ಮಳೆಗಾಲದ ಒಣಮೀನು. ಮುಳ್ಳು ಸಮೇತ ಅಗಿಯುವ ಸಣ್ಣ ಮೀನಿನಲ್ಲಿ ಫಾಸ್ಪರಸ್ ಜಾಸ್ತಿ, ಉಪ್ಪಂತೂ ಕೇಳಲೇಬೇಡಿ. ನೆಂಟರು ತರುವ ಕಪ್ಪು ಕೋಲಾ ಬಾಟಲಿಯೂ ಬೇಡ, ಅದಕ್ಕೆ ಫಾಸ್ಪರಿಕ್ ಆಸಿಡ್ಡೇ ಹಾಕಿರುತ್ತಾರೆ. ಅದರಲ್ಲಿರುವುದು ಹೆಚ್ಚುಕಡಿಮೆ ಪೂರ್ತಿ ರಕ್ತಕ್ಕೆ ಸೇರುತ್ತದೆ.

ಮಾಂಸದೂಟದ ದಿನ ಎರಡು ಮಾತ್ರೆ, ಬರೀ ಕಾಫಿಗೆ ಬೇಡ ಎಂದಿದ್ದಾರೆ ಡಾಕ್ಟರ್. ಇದು ಅವ್ವನ ಲೆಕ್ಕ, ನಿಮ್ಮದನ್ನು ನಿಮ್ಮ ಡಾಕ್ಟರೇ ಹೇಳಬೇಕು.

ಹಿಂದಿನ ಸಲ ಗೋಣಿಕೊಪ್ಪದ ಮದುವೆಯಲ್ಲಿ ಪಂದಿ ಕರಿ (ಹಂದಿ ಮಾಂಸದ ಸಾರು) ಬಡಿಸಿದ ಮೇಲೆ ನೆನಪಾಯಿತು, ಮಾತ್ರೆ ಮನೆಯಲ್ಲೇ ಇದೆ ಎಂದು. ಅವ್ವ ತಟ್ಟೆ ನೋಡಿದಳು, ನನ್ನನ್ನು ನೋಡಿದಳು, ಬರೀ ಕಡಂಬುಟ್ಟು ತಿಂದು ಎದ್ದಳು. ಮೊನ್ನೆ ವಿರಾಜಪೇಟೆ ಮದುವೆಯಲ್ಲಿ ಸೆರಗಿನ ತುದಿಯ ಗಂಟು ಬಿಚ್ಚಿದಳು. ಒಳಗೆ ಕತ್ತರಿಸಿದ ಸ್ಟ್ರಿಪ್, ಎರಡು ಮಾತ್ರೆ. "ಈಗ ಬಡಿಸಿ" ಎಂದಳು.