ಹೇಜಲ್‌ನಟ್ ಬೀಜದ ಪ್ಯಾಕೆಟ್: ಬೀಜ ನಂಬಬಹುದು, ಚೀಟಿ ನಂಬಬೇಡಿ

ನಮ್ಮ ಮನೆ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಹತ್ತಿರ. ಹಿತ್ತಿಲ ಬೇಲಿಗೆ ಈ ನೆಲದ್ದೇ ಗಿಡ ಇರಲಿ ಅಂತ ಎರಡು ವರ್ಷದ ಹಿಂದೆ ಅಮೆರಿಕನ್ ಹೇಜಲ್‌ನಟ್ ಬೀಜ ತರಿಸಿದೆ. ಇದೇ ರಾಜ್ಯದ ಸಣ್ಣ ನರ್ಸರಿಯೊಂದರಿಂದ, 25 ಬೀಜಕ್ಕೆ 18 ಡಾಲರ್. ಅಂಗಡಿಯಲ್ಲಿ ಸಿಗುವ ದಪ್ಪ ಕಾಯಿ ಯುರೋಪಿನ ಜಾತಿಯದು. ಅದಕ್ಕೆ ಇಲ್ಲಿ ಈಸ್ಟರ್ನ್ ಫಿಲ್ಬರ್ಟ್ ಬ್ಲೈಟ್ ಎಂಬ ಶಿಲೀಂಧ್ರ ರೋಗದ ಕಾಟ. ಇಲ್ಲಿನ ಜಾತಿ ಕಾಯಿ ಚಿಕ್ಕದಾದರೂ ರೋಗ ತಾಳಿಕೊಳ್ಳುತ್ತದೆ.

ಅಕ್ಟೋಬರ್ ಮೊದಲ ವಾರ ಪ್ಯಾಕೆಟ್ ಬಂತು. ಬೀಜ ಪೂರ್ತಿ ಒಣಗಿದರೆ ಕೆಡುತ್ತದೆ. ಅದಕ್ಕೇ ಒದ್ದೆ ಮರದ ಹೊಟ್ಟಿನಲ್ಲಿ ಕಳಿಸಿದ್ದರು, ಬಹಳ ಖುಷಿಯಾಯಿತು. ನೀರಿಗೆ ಹಾಕಿ ನೋಡಿದೆ. ಪುತ್ತೂರಿನಲ್ಲಿ ಅಪ್ಪ ಬೀಜದಡಿಕೆ ಆರಿಸುವಾಗ ತೊಟ್ಟು ಮೇಲಾಗಿ ನೆಟ್ಟಗೆ ತೇಲುವುದನ್ನೇ ಇಟ್ಟುಕೊಳ್ಳುತ್ತಾರೆ. ಇಲ್ಲಿ ಉಲ್ಟಾ, ಮುಳುಗಿದ್ದೇ ಗಟ್ಟಿ. ಫೋನಿನಲ್ಲಿ ಹೇಳಿದರೆ ಅಪ್ಪ ಒಪ್ಪಲಿಲ್ಲ. "ತೇಲಿದ್ದನ್ನು ಒಡೆದು ನೋಡು ಮಾರಾಯ" ಅಂದರು. ತೇಲಿದ್ದು ನಾಲ್ಕು. ಮೂರು ಖಾಲಿ, ಒಂದರಲ್ಲಿ ಹುಳ ತಿಂದ ಪುಡಿ.

ಉಳಿದ 21ರಲ್ಲಿ ಹತ್ತನ್ನು ಹೊರಗೆ ಮಡಿ ಮಾಡಿ, ಒಂದೂವರೆ ಇಂಚು ಆಳಕ್ಕೆ ಊರಿದೆ. ಹನ್ನೊಂದನ್ನು ಒದ್ದೆ ಮರಳಿನ ಜೊತೆ ಚೀಲದಲ್ಲಿ ಹಾಕಿ ಫ್ರಿಜ್‌ನಲ್ಲಿಟ್ಟೆ. ಈ ಬೀಜ ಮೊಳೆಯಲು ಚಳಿಗಾಲ ಕಳೆಯಲೇಬೇಕು. ಜೊತೆಗಿದ್ದ ಚೀಟಿಯಲ್ಲಿ 60 ದಿನ ಸಾಕು ಅಂತಿತ್ತು. ಹಾಗೇ ಆರು ಬೀಜ ತೆಗೆದು ಕುಂಡಕ್ಕೆ ಹಾಕಿದೆ. ಮೊಳೆತದ್ದು ಒಂದೇ. ಅನುಮಾನ ಬಂದು ಫ್ರಿಜ್‌ನಲ್ಲೇ ನಾಲ್ಕು ತಿಂಗಳು ಬಿಟ್ಟ ಐದರಲ್ಲಿ ನಾಲ್ಕು ಮೊಳೆತವು. ಒಂದು ತಪ್ಪು ಸಾಲಿನಿಂದ ಒಳ್ಳೆ ಬೀಜ ಹಾಳಾಯಿತು ಅಲ್ವಾ? ನರ್ಸರಿಯವರಿಗೆ ಬರೆದಿದ್ದೇನೆ, ಉತ್ತರ ಬಂದಿಲ್ಲ.

ಹೊರಗೆ ಊರಿದ್ದರಲ್ಲಿ ಮೇ ತಿಂಗಳಿಗೆ ಎಂಟು ಬಂದವು. ನಿಜವಾದ ಹಿಮಕ್ಕಿಂತ ಒಳ್ಳೆ ಫ್ರಿಜ್ ಇಲ್ಲ. ಆದರೆ ಅಳಿಲಿನ ಬಗ್ಗೆ ಚೀಟಿಯಲ್ಲಿ ಒಂದು ಮಾತೂ ಇಲ್ಲ. ಮಡಿಯ ಮೇಲೂ ಸುತ್ತಲೂ ಅರ್ಧ ಇಂಚಿನ ಕಣ್ಣಿನ ತಂತಿ ಬಲೆ ಹಾಕಲೇಬೇಕು. ಮೊಳಕೆ ಬಂತು ಅಂತ ಬಲೆ ತೆಗೆಯಬೇಡಿ. ಹುರುಳಿಯ ಹಾಗೆ ಇದರ ಬೇಳೆ ಮೇಲೆ ಬರುವುದಿಲ್ಲ, ಮಣ್ಣೊಳಗೇ ಉಳಿಯುತ್ತದೆ. ಅದಕ್ಕಾಗಿ ಅಳಿಲು ಸಸಿಯನ್ನೇ ಕಿತ್ತುಹಾಕುತ್ತದೆ. ನಾನು ಜೂನ್ ಕೊನೆವರೆಗೂ ಬಿಟ್ಟಿದ್ದೆ.

ಈಗ 13 ಗಿಡ ಇವೆ, ಮೊಣಕಾಲೆತ್ತರ. ಕಾಯಿಗೆ ಇನ್ನೂ ಎರಡು ಮೂರು ವರ್ಷ ಕಾಯಬೇಕು. ಹೇಜಲ್‌ನಟ್ ಗಿಡಕ್ಕೆ ತನ್ನದೇ ಪರಾಗ ಆಗುವುದಿಲ್ಲ, ಬೇರೆ ಗಿಡದ್ದೇ ಬೇಕು. ಒಂದೇ ತಾಯಿಗಿಡದಿಂದ ಬೇರು ಬರಿಸಿದ ಸಸಿಗಳನ್ನು ಸಾಲಾಗಿ ನೆಟ್ಟರೂ ಪ್ರಯೋಜನವಿಲ್ಲ. ಬೀಜದಿಂದ ಬಂದ ಗಿಡ ಒಂದೊಂದೂ ಬೇರೆ. ಕಾಯುವುದು ಜಾಸ್ತಿಯಾದರೂ ನಾನು ಮತ್ತೆ ಬೀಜವನ್ನೇ ಕೊಳ್ಳುತ್ತೇನೆ, ಇವರ ಹತ್ತಿರವೇ.

ತರಿಸುವವರು ಸೆಪ್ಟೆಂಬರ್‌ನಲ್ಲೇ ಹೇಳಿಡಿ. ಏಪ್ರಿಲ್‌ನಲ್ಲಿ ಒಣ ಬೀಜ ತರಿಸಿದರೆ ಆ ವರ್ಷ ಮೊಳಕೆ ಕಾಣುವುದು ಕಷ್ಟ.