ಅಂಟಿಸುವ ಮೊದಲು ಸ್ಪಂಜಿಗೆ ಬೂಸ್ಟರ್ ಹಚ್ಚಿದ್ದೆ, ಬ್ಯಾಟೇ ಹೋಯಿತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಟೇಬಲ್ ಟೆನಿಸ್ ಬ್ಯಾಟ್ ಹಾಳಾದದ್ದರಲ್ಲಿ ಮಾರಿದವರ ತಪ್ಪಿಲ್ಲ, ರಬ್ಬರ್ ಮಾಡಿದವರ ತಪ್ಪೂ ಇಲ್ಲ. ಬೂಸ್ಟರ್ ಎಣ್ಣೆಯ ಬಾಟಲಿಯ ಮುಚ್ಚಳ ತೆಗೆದವನು ನಾನು, ಕುಂಚ ಹಿಡಿದವನೂ ನಾನೇ. ಎರಡೇ ತಿಂಗಳಲ್ಲಿ ಒಂದು ಹೊಸ ರಬ್ಬರ್, ಆರು ವರ್ಷ ಕೈಗೆ ಒಗ್ಗಿದ್ದ ಒಂದು ಬ್ಲೇಡ್ (ಬ್ಯಾಟಿನ ಮರದ ಭಾಗ), ಗೆಲ್ಲಬಹುದಾಗಿದ್ದ ಒಂದು ಪಂದ್ಯ ಮೂರೂ ಹೋದವು. ಸಿಟ್ಟು ಇನ್ನೂ ಆರಿಲ್ಲ. ಆರಿದ ಮೇಲೆ ಬರೆಯಲು ಕೂತರೆ ನನ್ನ ಪೆದ್ದುತನಕ್ಕೆ ನಾನೇ ಬಣ್ಣ ಹಚ್ಚಿಬಿಡುತ್ತೇನೆ, ಆದ್ದರಿಂದ ಈಗಲೇ.

ಬ್ಲೇಡಿಗೆ ಅಂಟಿಸುವ ರಬ್ಬರಿನಲ್ಲಿ ಮೇಲೊಂದು ಹಾಳೆ, ಅದರಡಿ ಸ್ಪಂಜು ಇರುತ್ತದೆ. ನಾನು ಆಡುವುದು ಮೈ ಜಿಗುಟಾದ, ಸ್ಪಂಜು ಗಟ್ಟಿಯಾದ ಚೀನೀ ಬಗೆಯ ರಬ್ಬರಿನಲ್ಲಿ. ಸ್ಪಿನ್ ಕೇಳಿದಷ್ಟು ಕೊಡುತ್ತದೆ, ಆದರೆ ಭುಜದ ಕಸುವನ್ನೆಲ್ಲ ಹಾಕಿ ಬೀಸಬೇಕು. ಅರೆಮನಸ್ಸಿನಲ್ಲಿ ಬೀಸಿದರೆ ಚೆಂಡು ನೆಟ್ ದಾಟುವುದೇ ಇಲ್ಲ. ನಲವತ್ತು ದಾಟಿದ ಭುಜ ಎಷ್ಟು ದಿನ ಸಹಿಸೀತು? ಜೊತೆಗೆ ಆಡುವ ಹಿರಿಯರೊಬ್ಬರು ನನ್ನ ಪಾಡು ನೋಡಿ, “ಅಂಟಿಸುವ ಮೊದಲು ಸ್ಪಂಜಿಗೆ ಮೂರು ಸಲ ಬೂಸ್ಟರ್ ಹಚ್ಚಿ, ರಬ್ಬರಿಗೆ ಜೀವ ಬರುತ್ತದೆ” ಎಂದರು. “ಅದು ನಿಯಮಕ್ಕೆ ವಿರುದ್ಧವಲ್ಲವೇ ಸಾರ್?” ಎಂದೆ. “ಯಾರು ನೋಡುತ್ತಾರೆ!” ಎಂದು ನಕ್ಕರು. ಎಣ್ಣೆ ಬಂದಾಗ ಕಣ್ಣು ಮುಚ್ಚಿಕೊಂಡ ಎಂದು ಗಾದೆಯಲ್ಲಿ ಹಂಗಿಸುತ್ತಾರಲ್ಲ, ಈ ಎಣ್ಣೆ ಬಂದಾಗ ನಾನು ಮುಚ್ಚಿಕೊಂಡಿದ್ದರೇ ಚೆನ್ನಾಗಿತ್ತು.

ಬೂಸ್ಟರ್ ಎಂಬುದು ದೊಡ್ಡ ರಹಸ್ಯವೇನಲ್ಲ, ಹೆಚ್ಚಿನವು ಖನಿಜ ಎಣ್ಣೆಯ ಬಗೆಯವು. ಹಿಂದೆ ಆಟಗಾರರು ಬೇಗ ಆವಿಯಾಗುವ ದ್ರಾವಕಗಳಿದ್ದ ಸ್ಪೀಡ್ ಗ್ಲೂ ಹಚ್ಚುತ್ತಿದ್ದರು. ಅದರ ಗುಣ ಕೆಲವೇ ಗಂಟೆಗಳದ್ದಾದ್ದರಿಂದ ಪಂದ್ಯಕ್ಕೆ ಮುಂಚೆ ಮತ್ತೆ ಮತ್ತೆ ಕಿತ್ತು ಅಂಟಿಸಬೇಕಿತ್ತು. ಆ ಆವಿ ಆರೋಗ್ಯಕ್ಕೆ ಕೆಟ್ಟದ್ದೆಂದು 2008ರ ಬೀಜಿಂಗ್ ಒಲಿಂಪಿಕ್ಸ್ ಮುಗಿದ ಮೇಲೆ ಅದನ್ನು ನಿಷೇಧಿಸಿದರು. ನೀರು ಬೆರೆತ ಹಾಲಿನ ಬಣ್ಣದ ಅಂಟು ಎಲ್ಲೆಡೆ ಬಂತು. ಕಳೆದುಹೋದ ವೇಗ ಮತ್ತೆ ಬೇಕೆಂದವರು ಹಿಡಿದ ಅಡ್ಡದಾರಿಯೇ ಈ ಎಣ್ಣೆ. ಅಂತರರಾಷ್ಟ್ರೀಯ ನಿಯಮ 2.4.7 ಇದಕ್ಕೂ ಜಾಗ ಬಿಟ್ಟಿಲ್ಲ: ಬ್ಯಾಟಿನ ಹೊದಿಕೆಗೆ ಭೌತಿಕ, ರಾಸಾಯನಿಕ ಅಥವಾ ಬೇರೆ ಯಾವ ಸಂಸ್ಕರಣೆಯನ್ನೂ ಮಾಡದೆ ಬಳಸಬೇಕು. ಬೇಗ ಆವಿಯಾಗದ ಎಣ್ಣೆ ಆವಿ ಹಿಡಿಯುವ ಯಂತ್ರಕ್ಕೆ ಸಿಗುವುದು ಕಷ್ಟ ಎಂಬುದು ಬೇರೆ ಮಾತು. “ಯಾರು ನೋಡುತ್ತಾರೆ” ಎಂಬ ಧೈರ್ಯ ಬರುವುದು ಅಲ್ಲಿಂದಲೇ.

ಮೊದಲ ಪದರ ಹಚ್ಚಿದ್ದು ರಾತ್ರಿ ಊಟವಾದ ಮೇಲೆ. ಸ್ಪಂಜು ಮೇಲಿರುವಂತೆ ರಬ್ಬರನ್ನು ಮೇಜಿನ ಮೇಲಿಟ್ಟು ಕುಂಚ ಎಳೆದೆ. ಅರ್ಧ ಗಂಟೆಯೊಳಗೆ ನಾಲ್ಕು ಅಂಚುಗಳೂ ಕೆಳಕ್ಕೆ ಬಾಗಿ ನಡು ಗುಮ್ಮಟದಂತೆ ಎದ್ದಿತು. ಎಣ್ಣೆ ಕುಡಿದ ಸ್ಪಂಜು ಹಿಗ್ಗುತ್ತದೆ, ಕೆಳಗಿರುವ ಹಾಳೆ ಅಷ್ಟು ಹಿಗ್ಗುವುದಿಲ್ಲ, ಅದಕ್ಕೇ ಈ ಬಾಗು. ಒಂದೊಂದು ಪದರಕ್ಕೂ ಒಂದು ಇಡೀ ದಿನವಾದರೂ ಬಿಡಬೇಕಿತ್ತು. ನನಗೆಲ್ಲಿಯ ತಾಳ್ಮೆ! ಬೆಳಿಗ್ಗೆ ಎರಡನೆಯದು, ಸಂಜೆ ಮೂರನೆಯದು. ಮರುದಿನ ಎದ್ದು ನೋಡಿದರೆ ರಬ್ಬರ್ ಕೊಳವೆಯಂತೆ ಸುರುಳಿ ಸುತ್ತಿಕೊಂಡಿತ್ತು. ಬಿಡಿಸಿದರೆ ಮತ್ತೆ ಸುತ್ತಿಕೊಳ್ಳುತ್ತದೆ. ನಾನು ಹೆದರಬೇಕಾದ ಗಳಿಗೆ ಅದು. ಹೆದರಲಿಲ್ಲ, ಹಿಗ್ಗಿದೆ.

ಅಂಟು ಹಚ್ಚುವಾಗ ಇನ್ನೊಂದು ಎಚ್ಚರಿಕೆ ಕಣ್ಣೆದುರೇ ಬಂತು. ಒಣ ಸ್ಪಂಜಿನ ಮೇಲೆ ನೀರಿನ ಅಂಟು ತೆಳುವಾಗಿ, ಒಂದೇ ಸಮನೆ ಹರಡುತ್ತದೆ. ಇಲ್ಲಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ಹನಿಹನಿಯಾಗಿ ಸರಿದು ಕೂತಿತು. ಎಣ್ಣೆ ಇಂಗದೆ ಉಳಿದ ಕಡೆ ಬರಿಯ ಸ್ಪಂಜು, ಇಂಗಿದ ಕಡೆ ಅಂಟಿನ ಗಡ್ಡೆ. ಮೇಲೊಂದು ಪದರ, ಅದರ ಮೇಲೆ ಮತ್ತೊಂದು ಪದರ ಬಳಿದು ಮುಚ್ಚಿದೆ. ಒಣಗಿ ಪಾರದರ್ಶಕವಾದ ಮೇಲೆ ಸುರುಳಿಯನ್ನು ಬಲವಂತವಾಗಿ ಬಿಚ್ಚಿ ಮರದ ಮೇಲೆ ಒತ್ತಿದೆ, ದಪ್ಪ ಪುಸ್ತಕಗಳನ್ನು ಹೇರಿದೆ, ಅಂಚಿಗೆ ಸರಿಯಾಗಿ ಕತ್ತರಿಸಿದೆ.

ಮುಂದಿನ ಹತ್ತು ದಿನ ಹೇಗಿದ್ದವು ಎಂಬುದನ್ನು ಮುಚ್ಚಿಡುವುದಿಲ್ಲ. ಮುಚ್ಚಿಟ್ಟರೆ ಈ ಬರಹಕ್ಕೆ ಬೆಲೆಯೇ ಇಲ್ಲ, ಏಕೆಂದರೆ ಜನ ಕೆಡುವುದೇ ಆ ಹತ್ತು ದಿನಗಳಿಂದ. ಚೆಂಡು ಬಡಿದ ಸದ್ದೇ ಬೇರೆಯಾಗಿತ್ತು. ಹಿಂದೆ ಹಲಗೆಗೆ ಬಡಿದಂತೆ ಕೇಳುತ್ತಿದ್ದದ್ದು ಈಗ ಠಣ್ ಎನ್ನುತ್ತಿತ್ತು. ಅರ್ಧ ಬೀಸಿದರೂ ಚೆಂಡು ಸ್ಪಂಜಿನೊಳಗೆ ಇಳಿದು ಚಿಮ್ಮುತ್ತಿತ್ತು. ಭುಜ ನೋಯಲಿಲ್ಲ. ಹಿರಿಯರಿಗೆ ಮನಸ್ಸಿನಲ್ಲೇ ಕೈಮುಗಿದೆ.

ಹನ್ನೆರಡನೆಯ ದಿನ ಒಂದು ಸಣ್ಣ ಪಂದ್ಯಾವಳಿ. ಮೊದಲ ಪಂದ್ಯಕ್ಕೆ ಮುಂಚೆ ಬ್ಯಾಟ್ ತಪಾಸಣೆಗೆ ಕೇಳಿದರು. ಅಂಟೂ ಸೇರಿ, ಹಾಳೆ ಮತ್ತು ಸ್ಪಂಜು ಕೂಡಿದ ಸ್ಯಾಂಡ್‌ವಿಚ್ ರಬ್ಬರಿನ ಒಟ್ಟು ದಪ್ಪ 4.0 ಮಿಲಿಮೀಟರ್ ಮೀರಬಾರದು. ನನ್ನದು ಎಣ್ಣೆ ಹಚ್ಚುವ ಮೊದಲೇ ಆ ಗೆರೆಯ ಹತ್ತಿರವಿದ್ದ ದಪ್ಪ ಸ್ಪಂಜು. ಹಿಗ್ಗಿದ ಸ್ಪಂಜು, ಮೂರು ಪದರ ಅಂಟು, ಇನ್ನೇನಾಗಬೇಕು? ಮಾಪಕ 4.2 ತೋರಿಸಿತು. ಅವರು ಇನ್ನೊಂದು ಕಡೆ ಇಟ್ಟು ನೋಡಿದರು, ಅಲ್ಲಿ 4.1. “ಬೇರೆ ಬ್ಯಾಟ್ ಇದೆಯೇ?” ಎಂದು ಕೇಳಿದರು, ಅಷ್ಟೇ. ಬೈದಿದ್ದರೆ ಹಗುರವಾಗುತ್ತಿತ್ತು. ಯಾರದೋ ಬ್ಯಾಟ್ ಕೇಳಿ ಪಡೆದು ಆಡಿದೆ, ನೇರ ಗೇಮ್‌ಗಳಲ್ಲಿ ಸೋತೆ. ಎದುರಾಳಿ ನಾನು ಹಿಂದೆ ಎರಡು ಸಲ ಸೋಲಿಸಿದ್ದ ಹುಡುಗ. ಕೈಕುಲುಕುವಾಗ ಅವನು, “ಅಂಕಲ್, ನಿಮ್ಮ ಬ್ಯಾಟ್ ಎಲ್ಲಿ?” ಎಂದ. ಅಂಟು ಬಿಟ್ಟಿದೆ ಎಂದು ಸುಳ್ಳು ಹೇಳಿದೆ.

ಸುಳ್ಳು ಬೇಗನೆ ನಿಜವಾಯಿತು. ಮೂರನೆಯ ವಾರದಿಂದ ಎಣ್ಣೆಯ ಬಲ ಇಳಿಯತೊಡಗಿತು. ಹಿಗ್ಗಿದ್ದ ಸ್ಪಂಜು ಕುಗ್ಗಿತು, ಕುಗ್ಗುತ್ತಾ ಅಂಚುಗಳನ್ನು ಒಳಕ್ಕೆ ಎಳೆದುಕೊಂಡಿತು. ಸರಿಯಾಗಿ ಕತ್ತರಿಸಿದ್ದ ರಬ್ಬರಿನ ಸುತ್ತ ಮರ ಕಾಣತೊಡಗಿತು, ತುದಿಯಲ್ಲಿ ಎರಡು ಮಿಲಿಮೀಟರಿಗೂ ಹೆಚ್ಚು. ಒಗೆದ ಮೇಲೆ ಗಿಡ್ಡವಾದ ಅಂಗಿಯ ಹಾಗೆ. ಇದೂ ನಿಯಮಕ್ಕೆ ಹೊಂದುವುದಿಲ್ಲ, ಬೆರಳು ಹಿಡಿಯುವ ಭಾಗ ಬಿಟ್ಟು ಉಳಿದೆಡೆ ಹೊದಿಕೆ ಬ್ಲೇಡಿನ ಅಂಚಿನವರೆಗೂ ಇರಬೇಕು. ಆಮೇಲೆ ಹಾಳೆಯ ನಡುವೆ ಉಗುರಿನಷ್ಟು ಗುಳ್ಳೆ ಎದ್ದಿತು. ಎಣ್ಣೆ ಸ್ಪಂಜಿನಲ್ಲೇ ನಿಲ್ಲದೆ ಮೇಲಿನ ಹಾಳೆಗೂ ಹತ್ತಿ, ಹಾಳೆಗೂ ಸ್ಪಂಜಿಗೂ ಇದ್ದ ಬೆಸುಗೆ ಅಲ್ಲಿ ಬಿಟ್ಟಿತ್ತು. ಆ ಜಾಗಕ್ಕೆ ಬಡಿದ ಚೆಂಡು ಸತ್ತಂತೆ ಬೀಳುತ್ತಿತ್ತು. ಮೈಯ ಜಿಗುಟು ಸಹ ಹೋಗಿ ಜಾರತೊಡಗಿತು. ಯಾವುದಕ್ಕೆ ಆ ರಬ್ಬರ್ ಕೊಂಡಿದ್ದೆನೋ ಅದೇ ಇಲ್ಲ.

ಕೀಳಲು ಹೊರಟದ್ದು ಕೊನೆಯ ಪೆಟ್ಟು. ಎಣ್ಣೆಯಿದ್ದ ಕಡೆ ಅಂಟು ಹಿಡಿದೇ ಇರಲಿಲ್ಲ, ಪುಸಕ್ಕನೆ ಬಂತು. ಅಂಟು ಗಡ್ಡೆಗಟ್ಟಿದ್ದ ನಡುಭಾಗ ಮಾತ್ರ ಮರವನ್ನು ಕಚ್ಚಿ ಹಿಡಿದಿತ್ತು. ನಿಧಾನವಾಗಿ, ಹಿಡಿಯ ಕಡೆಯಿಂದ, ಮರದ ಎಳೆಯ ದಿಕ್ಕಿಗೆ ಅಡ್ಡಬಾರದಂತೆ ಎಳೆದೆ. ಆದರೂ ಚರಕ್ ಎಂಬ ಸದ್ದು ಕೇಳಿತು. ತಿರುಗಿಸಿ ನೋಡಿದರೆ ಸ್ಪಂಜಿನ ಬೆನ್ನಿಗೆ ಬೆರಳುದ್ದದ ಮರದ ಸಿಬಿರು ಅಂಟಿಕೊಂಡಿದೆ, ಬ್ಲೇಡಿನ ಲಿಂಬಾ ಮರದ ಹೊರಪದರದಲ್ಲಿ ಅಷ್ಟೇ ಉದ್ದದ ಕಾಲುವೆ. ಆ ಹೊರಪದರವೇ ಅರ್ಧ ಮಿಲಿಮೀಟರಿನಷ್ಟು ಇರುತ್ತದೆ. ಮರದ ಪುಡಿ, ಅಂಟು ಕಲಸಿ ತುಂಬಿಸಿ ಉಜ್ಜಿ ನೋಡಿದೆ. ಚೆಂಡು ಅಲ್ಲಿ ಬಡಿದಾಗ ಕೈಗೆ ಗೊತ್ತಾಗುತ್ತದೆ.

ಇಷ್ಟು ಓದಿದ ಮೇಲೂ ಸ್ಪಂಜು ಗಟ್ಟಿ ಎನಿಸಿದರೆ ಮೆತ್ತಗಿನ ಸ್ಪಂಜಿನ ರಬ್ಬರನ್ನೇ ಕೊಳ್ಳಿ. ಒಂದೇ ರಬ್ಬರ್ ಬೇರೆ ಬೇರೆ ಗಡಸುತನದಲ್ಲಿ ಸಿಗುತ್ತದೆ, ಒಂದೆರಡು ಡಿಗ್ರಿ ಇಳಿದರೂ ತೋಳಿಗೆ ವ್ಯತ್ಯಾಸ ತಿಳಿಯುತ್ತದೆ. ಕಾರ್ಖಾನೆಯಲ್ಲೇ ಬಿಗಿತ ಕೊಟ್ಟು ಬರುವ ಟೆನ್ಸರ್ ಬಗೆಯ ರಬ್ಬರಿಗಂತೂ ಎಣ್ಣೆ ತೋರಿಸಲೇಬೇಡಿ, ಅದರ ಆಯುಸ್ಸನ್ನು ನೀವೇ ಕಡಿದಂತೆ. ಬಳಸಿದ ರಬ್ಬರ್ ಯಾರಿಂದಾದರೂ ಕೊಳ್ಳುವುದಿದ್ದರೆ ಸ್ಪಂಜು ಮೇಲೆ ಮಾಡಿ ಮೇಜಿನ ಮೇಲಿಡಿ. ಅಂಚು ಕೆಳಕ್ಕೆ ಬಾಗಿದರೆ ಅನುಮಾನಿಸಿ. ಸ್ಪಂಜಿನ ಬರಿಯ ಜಾಗಕ್ಕೆ ತೆಳು ಕಾಗದ ಒತ್ತಿ ಒಂದು ರಾತ್ರಿ ಬಿಟ್ಟು ನೋಡಿ, ಬೆಳಕಿಗೆ ಹಿಡಿದಾಗ ಎಣ್ಣೆಯ ಕಲೆ ಕಂಡರೆ ಹಿಂತಿರುಗಿಸಿ. ಹೊಸ ಬ್ಲೇಡಿಗೆ ಮೊದಲ ಸಲ ಅಂಟಿಸುವ ಮುನ್ನ ತೀರ ತೆಳುವಾಗಿ ವಾರ್ನಿಶ್ ಹಚ್ಚಿ ಒಣಗಿಸಿಕೊಳ್ಳಿ. ನಾನು ಆರು ವರ್ಷ ಆ ಕೆಲಸವನ್ನೂ ಮುಂದೂಡುತ್ತಲೇ ಬಂದಿದ್ದೆ.

ಬಾಟಲಿಯಲ್ಲಿ ಇನ್ನೂ ಮುಕ್ಕಾಲು ಭಾಗ ಎಣ್ಣೆ ಉಳಿದಿದೆ. ಹೋದ ವಾರ ಆ ಹಿರಿಯರೇ ಬಂದು, “ನಿಮ್ಮದು ಖಾಲಿ ಕೂತಿದೆಯಲ್ಲ, ನನಗೆ ಕೊಡಿ” ಎಂದರು. ಒಳಗೆ ಹೋಗಿ ಬಾಟಲಿಯ ಬದಲು ಬ್ಲೇಡ್ ತಂದು ಅವರ ಕೈಗಿಟ್ಟೆ. ಕಾಲುವೆಯ ಮೇಲೆ ಹೆಬ್ಬೆರಳು ಆಡಿಸಿದರು, ತಮ್ಮ ಬ್ಯಾಟ್ ತೆಗೆದು ಅದರ ಅಂಚನ್ನು ಒಮ್ಮೆ ನೋಡಿಕೊಂಡರು, ಚೀಲಕ್ಕೆ ಹಾಕಿಕೊಂಡರು. ಬಾಟಲಿಯ ಮಾತು ಮತ್ತೆ ಬರಲಿಲ್ಲ.